ವಿನೋದಾಳಿಗೊಂದು ಕೌದಿ

ನನ್ನ ಹೆಂಡತಿ ರಾಜೀವಿಗೆ ಹೊಲಿಗೆ ಬರುತ್ತದೆ, ನನಗೆ ಹೋಳಿಗೆ ಬರುತ್ತದೆ (ಮಾಡಲಿಕ್ಕಲ್ಲ, ತಿನ್ನಲಿಕ್ಕೆ). ಈ ಒಂದೆರಡು ಅಕ್ಷರದ ವ್ಯತ್ಯಾಸವಿಟ್ಟುಕೊಂಡೇ ನಮ್ಮ ಸಂಸಾರ ಸಿದ್ದಾಪುರದಲ್ಲಿ ಸುಸೂತ್ರವಾಗಿ ಸಾಗಿತ್ತು. ತೊಂದರೆ ಶುರುವಾದದ್ದು ನಾನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ. ಊರ ಹೆಂಗಸರ ರವಿಕೆ ಹೊಲಿಯುವ ಅವಳ ಮಶಿನ್ನಿನ ಪಕ್ಕ ಆರಾಮಕುರ್ಚಿ ಹಾಕಿಕೊಂಡು, "ಆ ಹಸಿರಿಗೆ ಈ ದಾರ ಹೊಂದೂದಿಲ್ಲ ಮಾರಾಯ್ತಿ" ಎಂದು ಸಲಹೆ ಕೊಡತೊಡಗಿದೆ.

"ನಿಮ್ಮ ಬಾಯಿಗೊಂದು ಗುಂಡಿ ಹಚ್ಚತೀನಿ ನೋಡ್ರಿ" ಎನ್ನುವಳು. ಬನವಾಸಿಯವಳು. ಬೈಗುಳಕ್ಕೂ 'ರೀ' ಸೇರಿಸುವ ಸಂಸ್ಕಾರವಂತೆ.

ರಾಜೀವಿಗೊಬ್ಬ ಗೆಳತಿ, ತ್ಯಾಗಲಿಯ ವಿನೋದಾ. ಇಬ್ಬರೂ ಶಿರಸಿಯ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ಮದುವೆಯಾಗಿ ಶಿಲ್ಲಾಂಗಿಗೆ ಹೋದ ವಿನೋದಾ ಅಲ್ಲೇ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ. ರವಿವಾರ ಮಧ್ಯಾಹ್ನ ಅವಳ ಫೋನು ತಪ್ಪುವುದಿಲ್ಲ. ಇವಳು ಇಲ್ಲಿ ಹಪ್ಪಳ ಮಗುಚುತ್ತ ಮಾತಾಡಿದರೆ, ಅವಳು ಅಲ್ಲಿ ಕಿಟಕಿ ಮುಚ್ಚುತ್ತ ಮಾತಾಡುತ್ತಾಳೆ. "ತೆರೆದಿಟ್ಟರೆ ಮೋಡ ಸೀದಾ ಅಡುಗೆಮನೆಗೇ ಬರ್ತು ಕಣೇ." ಅದನ್ನು ಕೇಳಿದಾಗೆಲ್ಲ ನಾನು ಕುರ್ಚಿಯಲ್ಲೇ ತೇಲಿಹೋಗುತ್ತಿದ್ದೆ. ಬಿಳಿಯ ಮೋಡವೊಂದು ನಮ್ಮ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತು, ನನಗಿಂತ ಮೊದಲೇ ಬೆಲ್ಲದ ತೊಡೆದೇವಿನ ಡಬ್ಬಿಗೆ ಕೈ ಹಾಕಿದಂತೆ ಕಾಣುತ್ತಿತ್ತು.

ಈ ವರ್ಷ ವಿನೋದಾ ಬರುತ್ತೇನೆಂದಳು. ರಾಜೀವಿ ಮೊದಲು ಕುಣಿದಾಡಿದಳು. ಆಮೇಲೆ ಮಂಕಾದಳು.

"ಅವಳಿಗೆ ನನ್ನ ಕೈಯಾರೆ ಒಂದು ಕೌದಿ ಹೊಲಿದು ಕೊಡಬೇಕಂತ ಭಾಳ ದಿನದ ಆಸೆರಿ. ಆದ್ರ ಮದುವಿ ಸೀಸನ್ನು. ತಲಿ ಎತ್ತಾಕ ಪುರಸೊತ್ತಿಲ್ಲ."

ಅಷ್ಟರಲ್ಲಿ ಯಲ್ಲಾಪುರದಲ್ಲಿ ಅವಳ ಅಕ್ಕ ಬಿದ್ದು ಕೈ ಮುರಿದುಕೊಂಡಳು. ಅಕ್ಕನ ಮನೆಯಲ್ಲಿ ನಾಲ್ಕು ದಿನ ಇದ್ದು, ಹುಬ್ಬಳ್ಳಿಯಿಂದ ಬರುವ ವಿನೋದಾಳನ್ನು ಅಲ್ಲೇ ಕೂಡಿಕೊಂಡು ಬರುವುದೆಂದು ರಾಜೀವಿ ಹೊರಟಳು. ಹೊರಡುವಾಗ, "ಮಶಿನ್ ಮುಟ್ಟಬ್ಯಾಡ್ರಿ" ಎಂದಳು. (ನಾನು ಮುಟ್ಟಲಿಲ್ಲ. ಕಪಾಟಿನ ಬಟ್ಟೆ ಚೀಲದ ಬಗ್ಗೆ ಅವಳು ಚಕಾರ ಎತ್ತಿರಲಿಲ್ಲ ಎಂಬುದನ್ನು ಓದುಗ ಮಹಾಶಯರು ದಯವಿಟ್ಟು ಗಮನಿಸಬೇಕು.)

ಬಸ್ಸು ತಿರುವಿನಲ್ಲಿ ಮರೆಯಾಗುತ್ತಿದ್ದಂತೆ ನನ್ನೊಳಗಿನ ಕಲಾವಿದ ಎದ್ದು ಕುಳಿತ. ಅವಳಿಗೆ ಪುರಸೊತ್ತಿಲ್ಲ, ನನಗೆ ಪುರಸೊತ್ತು ಬಿಟ್ಟರೆ ಬೇರೇನೂ ಇಲ್ಲ. ಕೌದಿ ನಾನೇ ಹೊಲಿದರೆ?

ತುಂಡು ಬಟ್ಟೆ ಹುಡುಕುತ್ತ ಕಪಾಟು ತೆರೆದರೆ ಆ ಚೀಲ. ಒಳಗೆ ರೇಷ್ಮೆ, ಮಗ್ಗದ ಬಟ್ಟೆ, ಜರಿಯಂಚಿನದು, ಎಲ್ಲ ಗರಿಗರಿಯಾಗಿ ಮಡಿಸಿದ್ದವು. ಒಂದೊಂದಕ್ಕೂ ಪಿನ್ನು ಚುಚ್ಚಿದ ಚೀಟಿ. 'ಶಾರದವ್ವ 38', 'ಅನ್ನಪೂರ್ಣವ್ವ 42', 'ಗಂಗೆ 34 ಅರ್ಜೆಂಟ್'. ನನ್ನ ಕಣ್ಣು ಒದ್ದೆಯಾಯಿತು. ಶಾರದವ್ವ ಈಗ ಅರವತ್ತು ದಾಟಿದ ಮುತ್ತೈದೆ. ತನ್ನ ಮೂವತ್ತೆಂಟನೇ ವಯಸ್ಸಿನಲ್ಲಿ ಕೊಟ್ಟ ತುಂಡನ್ನು ನನ್ನ ರಾಜೀವಿ ಮಡಿಕೆ ಮುರಿಯದಂತೆ, ಬಣ್ಣ ಮಾಸದಂತೆ ಇಷ್ಟು ಕಾಲ ಕಾಪಾಡಿದ್ದಾಳೆ! (ಗಂಗೆ ಪಾಪ ಯಾವ ಅವಸರದಲ್ಲಿ ಕೊಟ್ಟಳೋ.) ಸ್ನೇಹದ ನೆನಪುಗಳೆಲ್ಲ ಸೇರಿ ಒಂದು ಕೌದಿ. ಇದಕ್ಕಿಂತ ದೊಡ್ಡ ಉಡುಗೊರೆ ಉಂಟೆ? ಕತ್ತರಿ ಎತ್ತಿಕೊಂಡೆ.

ಆ ದಿನಗಳನ್ನು ಏನೆಂದು ಹೇಳಲಿ! ಬೆಳಗಿನ ಬಿಸಿಲು ಕಿಟಕಿಯ ಸರಳುಗಳ ನಡುವೆ ಇಳಿದು ಬಟ್ಟೆಗಳ ಮೇಲೆ ಹರಡುತ್ತಿತ್ತು. ಅನ್ನ ಸೀದು ವಾಸನೆ ಬಂದಾಗಷ್ಟೇ ನನಗೆ ಊಟದ ನೆನಪು. ಮಜ್ಜಿಗೆ ಕುಡಿದು ಮತ್ತೆ ಸೂಜಿ ಹಿಡಿಯುತ್ತಿದ್ದೆ. ನಾನೆಂದೂ ಕಾಣದ ಶಿಲ್ಲಾಂಗು ಬೆರಳ ತುದಿಯಲ್ಲಿ ಮೂಡತೊಡಗಿತು. ಗಂಗೆಯ ನೀಲಿಯಲ್ಲಿ ಗುಡ್ಡ, ಅನ್ನಪೂರ್ಣವ್ವನ ಕೆನೆಬಣ್ಣದ ರೇಷ್ಮೆಯಲ್ಲಿ ಜರಿಯಂಚಿನ ಮೋಡ, ಶಾರದವ್ವನ ಇಟ್ಟಂಗಿ ಬಣ್ಣದಲ್ಲಿ ಹಾಸ್ಟೆಲಿನ ಹಂಚಿನ ಮಾಡು. ಕೆಳಗೆ ಕಿಟಕಿಯಲ್ಲಿ ಎರಡು ಜಡೆಯ ಇಬ್ಬರು ಹುಡುಗಿಯರು. ಸೂಜಿ ಚುಚ್ಚಿದ್ದೂ ತಿಳಿಯಲಿಲ್ಲ. ಎಷ್ಟೋ ಸಲ ದಾರ ಮುಗಿದ ಮೇಲೂ ಬರೀ ಸೂಜಿಯಲ್ಲೇ ಹೊಲಿಯುತ್ತಿದ್ದೆ.

ಗೆಳತಿಯರು ಬಂದ ದಿನ ಕೌದಿಯನ್ನು ಮಂಚದ ಮೇಲೆ ಹರವಿ, ಪಕ್ಕದಲ್ಲಿ ಕೈಕಟ್ಟಿ ನಿಂತೆ. ವಿನೋದಾ ಬಾಗಿಲಲ್ಲೇ ಚೀಲ ಕೆಳಗೆ ಹಾಕಿದಳು. ಸಂತೋಷ ಉಕ್ಕಿದರೆ ಅವಳಿಗೆ ಮನೆಮಾತೇ ಬರುವುದು.

"ಅಯ್ಯೋ, ಎಷ್ಟ್ ಚಂದ ಇದ್ದು! ಇದು ನಮ್ಮ ಹಾಸ್ಟೆಲು ಅಲ್ದನೇ ರಾಜೀವಿ? ಇವು ನಾವಿಬ್ರೂ! ಆನು ಇದನ್ನ ಯಾರಿಗೂ ಕೊಡ್ತ್ನಿಲ್ಲೆ" ಎಂದು ಕೌದಿ ಹೊದ್ದೇಬಿಟ್ಟಳು.

ರಾಜೀವಿ ಹತ್ತಿರ ಬಂದಳು. ಮೋಡ ಮುಟ್ಟಿದಳು, ಗುಡ್ಡ ಮುಟ್ಟಿದಳು, ಮೆಲ್ಲಗೆ ನೆಲದ ಮೇಲೆ ಕೂತಳು. ಆನಂದಕ್ಕೆ ಮಾತು ಹೊರಡುತ್ತಿಲ್ಲವೆಂದು ತಿಳಿದು ನಾನು ನೀರು ತಂದುಕೊಟ್ಟೆ.

ಆಗಲೇ ಶಾರದವ್ವ ಒಳಗೆ ಬಂದಳು. "ರಾಜೀವೀ, ನನ್ನ ರವಿಕಿ ಆತೇನ? ನಾಡದು ಮೊಮ್ಮಗಳ ಮದುವಿ." ಅವಳ ದೃಷ್ಟಿ ವಿನೋದಾಳ ಬೆನ್ನಿನ ಮೇಲೆ ನಿಂತಿತು. "ಈ ಹಂಚು… ನನ್ನ ಬಟ್ಟಿ ಇದ್ದಂಗ ಐತಲ್ಲ?"

"ನಿಮ್ಮದೇ ಶಾರದವ್ವ!" ಎಂದೆ ಹೆಮ್ಮೆಯಿಂದ. "ನಿಮ್ಮ ಮೂವತ್ತೆಂಟನೇ ವರ್ಷದ ನೆನಪು. ಚೀಟೀಲಿ ಬರೆದಿತ್ತು."

"ಅದು ನನ್ನ ಎದಿ ಅಳತಿ ಮಾಸ್ತರ್ರ!"

ಮುಂದಿನ ಕೆಲವು ನಿಮಿಷಗಳನ್ನು ವರ್ಣಿಸುವ ಶಕ್ತಿ ನನ್ನ ಲೇಖನಿಗಿಲ್ಲ. ರಾಜೀವಿ ಅಳುತ್ತಾಳೋ ನಗುತ್ತಾಳೋ ತಿಳಿಯಲಿಲ್ಲ. "ಊರ ಮಂದಿ ಮಾನಾನೆಲ್ಲ ಕತ್ತರಿಸಿ ಹಾಸಿಗಿ ಮಾಡೀರಲ್ರಿ! ಇನ್ನು ಯಾರು ನನ್ನ ಕೈಗೆ ಬಟ್ಟಿ ಕೊಡ್ತಾರ?" ಎಂದಾಗ ಮಾತ್ರ ಅವಳ ದನಿ ನಡುಗಿತು. ನನ್ನೊಳಗಿನ ಕಲಾವಿದ ತಲೆ ತಗ್ಗಿಸಿದ.

ಅದೇ ಗಳಿಗೆಯಲ್ಲಿ ಉಳಿದ ಚೂರುಗಳನ್ನು ಕಿಸೆಯಲ್ಲಿಟ್ಟುಕೊಂಡು ಶಿರಸಿಯ ಬಸ್ಸು ಹತ್ತಿದೆ. ಅಂಗಡಿಯಿಂದ ಅಂಗಡಿಗೆ ಅಲೆದು, ಚೂರನ್ನು ಬಿಸಿಲಿಗೆ ಹಿಡಿದು, ಪ್ರತಿಯೊಂದಕ್ಕೂ ಸರಿಜೋಡಿ ಬಣ್ಣ ತಂದೆ. ವಿನೋದಾ ರಜೆಯೆಲ್ಲ ಗುಂಡಿ ಹಚ್ಚುತ್ತ ಕೂತಳು, ರಾಜೀವಿ ಮಶಿನ್ ತುಳಿದಳು. ನಾನು ಒಳಗಿಂದ ಚಹಾ, ಅವಲಕ್ಕಿ ಸರಬರಾಜು ಮಾಡಿದೆ. ಹೊಲಿಗೆಗಿಂತ ನಗುವೇ ಜಾಸ್ತಿ. ಹಾಸ್ಟೆಲಿನ ವಾರ್ಡನ್ನಿನಿಂದ ಹಿಡಿದು ನನ್ನ ಹೊಟ್ಟೆಯವರೆಗೆ ಯಾವುದನ್ನೂ ಅವರು ಬಿಡಲಿಲ್ಲ. ರವಿಕೆಗಳು ಮದುವೆಗೆ ಮುಟ್ಟಿದವು.

ಸುದ್ದಿ ಹಬ್ಬಿ ಹೆಂಗಸರೆಲ್ಲ ಕೌದಿ ನೋಡಲು ಬಂದರು. ಅನ್ನಪೂರ್ಣವ್ವ ತನ್ನ ಮೋಡವನ್ನು ಸವರಿ, "ಮೈಮ್ಯಾಲಿಗಿಂತ ಇಲ್ಲೇ ಚಂದ ಕಾಣ್ತೈತಿ" ಎಂದಳು. ಎಲ್ಲರೂ ಸೇರಿ ತೀರ್ಪು ಕೊಟ್ಟರು: ಮಾಸ್ತರು ತಪ್ಪಿಗೆ ದಂಡವಾಗಿ ಮನೆಗೊಂದು ಕೌದಿ ಹೊಲಿಯತಕ್ಕದ್ದು. ಹಳೆ ಸೀರೆ ಅವರೇ ತರುವರು. ಕಾವಲಿಗೆ ಶಾರದವ್ವ.

ವಿನೋದಾ ಹೊರಡುವಾಗ ರಾಜೀವಿಯೂ ಪೆಟ್ಟಿಗೆ ಕಟ್ಟಿದಳು.

"ನೀ ಎಲ್ಲಿಗೆ?" ಎಂದೆ.

"ಮೋಡ ನೋಡಾಕ. ನೀವು ಬರ್ತಿದ್ರಿ, ಆದ್ರ ನಿಮಗೆ ಪುರಸೊತ್ತಿಲ್ಲಲ್ರಿ."

ಮೊನ್ನೆ ಶಿಲ್ಲಾಂಗಿನಿಂದ ವಿಡಿಯೋ ಕಾಲ್ ಬಂತು. ಗೆಳತಿಯರಿಬ್ಬರೂ ಒಂದೇ ಕೌದಿ ಹೊದ್ದು ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದರು. ಹಿಂದೆ ಬಿಳಿಯ ಮೋಡ ಮೆಲ್ಲಗೆ ಬಾಗಿಲ ಒಳಗೆ ಹೋಗುತ್ತಿತ್ತು. ಎಷ್ಟೋ ಹೊತ್ತು ನಾನು ಬಾಯಿ ತೆರೆದುಕೊಂಡು ಅದನ್ನೇ ನೋಡಿದೆ.

"ಇಲ್ಲಿ ಭಾಳ ಚಳಿರಿ" ಎಂದಳು ರಾಜೀವಿ.

"ಹಾಗಾದ್ರೆ ಬಂದುಬಿಡೇ" ಎಂದೆ ಆಸೆಯಿಂದ.

"ಅದಕ್ಕ ಹೇಳಾಕತ್ತೀನಿ. ಇನ್ನೊಂದು ದಪ್ಪನ ಕೌದಿ ಹೊಲಿದು ಕಳಸ್ರಿ. ಆವಾಗ ಚಳಿಗಾಲ ಮುಗಿಸಿಕೊಂಡೇ ಬರಬಹುದು."

ಪಕ್ಕದಿಂದ ವಿನೋದಾ ಕೂಗಿದಳು: "ಭಾವಾ, ನಿಮ್ಮ ಹೊಲಿಗೆ ಇಲ್ಲಿ ಎಲ್ಲರಿಗೂ ಹುಚ್ಚು ಹಿಡಿಸಿದ್ದು! ಇಂಥ ಕೈ ಎಲ್ಲೂ ಕಂಡಿದ್ದಿಲ್ಲೆ ಅಂತ್ರು!"

ಹಿಗ್ಗಿ ಹೀರೇಕಾಯಿಯಾದ ನಾನು, "ಬೇಗ ಕಳಿಸ್ತೇನೆ, ಬೇಗ!" ಎಂದುಬಿಟ್ಟೆ.

ಯಾವುದಕ್ಕೆ ಒಪ್ಪಿಕೊಂಡೆನೆಂದು ಹೊಳೆದದ್ದು ಫೋನು ಆರಿದ ಮೇಲೆ. ಅಷ್ಟರಲ್ಲಿ ಶಾರದವ್ವ ಸೂಜಿಗೆ ದಾರ ಪೋಣಿಸಿ ಕೈಗೆ ಕೊಟ್ಟಾಗಿತ್ತು.