ಬೀಗವಿಲ್ಲದ ಮನೆಯ ಕೌದಿ

೧೯೧೭ನೆಯ ಇಸವಿ ಜನವರಿ ಏಳನೆಯ ತಾರೀಖು, ಭಾನುವಾರ. ಬೆಳಗಿನ ಜಾವ ಕಬ್ಬಿನ ಗದ್ದೆಗಳ ಮೇಲೆ ಮಂಜು ಕವಿದಿತ್ತು. ಹತ್ತು ಗಂಟೆಯ ಹೊತ್ತಿಗೆ ಬಿಸಿಲೇರಿತು. ಮಧ್ಯಾಹ್ನದ ಮೇಲೆ ಸಂಡೂರು ಗುಡ್ಡಗಳ ಕಡೆಯಿಂದ ಮೈ ಕೊರೆಯುವ ಗಾಳಿ ಬೀಸತೊಡಗಿತು. ಹೊಸಪೇಟೆಯಲ್ಲಿ ಇಲಿಗಳು ಸತ್ತು ಬೀಳಲಾರಂಭಿಸಿ ಒಂದು ವಾರವಾಗಿತ್ತು. ಪ್ಲೇಗು ಬಂದ ವರ್ಷಗಳಲ್ಲೆಲ್ಲ ಮಾಡುತ್ತಿದ್ದಂತೆ ಜನರು ಮನೆ ಬಿಟ್ಟು, ಮಲಪನಗುಡಿಯ ದಾರಿಯ ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳಲು ಹೊರಟಿದ್ದರು. ಹೈಸ್ಕೂಲಿನ ಇತಿಹಾಸದ ಮೇಷ್ಟ್ರು ಉಜ್ಜಿನಪ್ಪನವರ ಮನೆಯ ಮುಂದೆಯೂ ಒಂದು ಬಾಡಿಗೆ ಬಂಡಿ ನಿಂತಿತ್ತು. ಬಂಡಿ ಒಂದು, ಸಾಮಾನು ಹಲವು. ಯಾವುದನ್ನು ಒಯ್ಯಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ಎದ್ದಿತು.

ಮೇಷ್ಟ್ರು ಮದ್ರಾಸಿನಲ್ಲಿ ಬಿ.ಎ. ಓದಿದವರು. ಎಂಥ ಪ್ರಶ್ನೆಗಾದರೂ ಮೊದಲು ಒಂದು ತತ್ವವನ್ನು ಸ್ಥಾಪಿಸಿ, ಅನಂತರ ಉತ್ತರಿಸುವುದು ಅವರ ಪದ್ಧತಿ. (ಸಾರಿಗೆ ಉಪ್ಪು ಸಾಲದೆಂಬ ವಿಷಯದಲ್ಲಿಯೂ ಹಾಗೆಯೇ, ತತ್ವ ಸ್ಥಾಪನೆಯಾಗುವಷ್ಟರಲ್ಲಿ ಸಾರು ಆರಿರುತ್ತಿತ್ತು.) ಈಗ ಅವರು ಸ್ಥಾಪಿಸಿದ ತತ್ವವೇನೆಂದರೆ, ಮನೆಯನ್ನು ಯಜಮಾನನ ಕಣ್ಣಿನಿಂದ ನೋಡದೆ ಕಳ್ಳನ ಕಣ್ಣಿನಿಂದ ನೋಡಬೇಕು ಎಂಬುದು. ಕಳ್ಳನು ಆಸೆಪಡುವಂಥದ್ದು ಬಂಡಿಗೆ, ಅವನು ಮೂಸಿಯೂ ನೋಡದಂಥದ್ದು ಮನೆಗೆ. ಹಾಗೆಂದು ನಿಶ್ಚಯಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ತಮ್ಮ ಮನೆಯಲ್ಲಿ ತಾವೇ ಕಳ್ಳರಾಗಿ ಒಂದು ಸುತ್ತು ಬಂದರು. ಸುತ್ತು ಮುಗಿದಾಗ ಅವರಿಗೆ ಸ್ವಲ್ಪ ವ್ಯಸನವೇ ಆಯಿತು. ಇಪ್ಪತ್ತೆರಡು ವರ್ಷಗಳ ಸಂಸಾರದಲ್ಲಿ ಮರ್ಯಾದಸ್ಥನಾದ ಒಬ್ಬ ಕಳ್ಳನಿಗೆ ಒಪ್ಪುವಂಥದ್ದು ಅರ್ಧ ಬಂಡಿಯೂ ಆಗಲಿಲ್ಲ. ಉಳಿದರ್ಧ ಬಂಡಿಗೆ ಅವರು ಪುಸ್ತಕಗಳನ್ನು ತುಂಬಿದರು.

ಆಗ ಅವರ ಹೆಂಡತಿ ಹಂಪಮ್ಮ ಮಡಚಿದ ಕೌದಿಯೊಂದನ್ನು ಎದೆಗವಚಿಕೊಂಡು ಬಾಗಿಲಿಗೆ ಬಂದಳು.

"ಅದನ್ನ ಎಲ್ಲಿಗೆ ತಂದೀ?" ಎಂದರು ಮೇಷ್ಟ್ರು.

"ಬಂಡ್ಯಾಗ ಹಾಕಾಕ."

"ಹಳೇ ಅರಿವಿ ಹೊಲದ ಕೌದಿ ಯಾವ ಕಳ್ಳ ಒಯ್ತಾನ?"

"ಕಳ್ಳ ಒಯ್ಯಂಗಿಲ್ಲ ಅಂತ ಬಿಟ್ಟು ಹೋಗಬೇಕೇನ್ರಿ? ಹಂಗಾದ್ರ ನನ್ನೂ ಇಲ್ಲೇ ಬಿಟ್ಟು ನಡೀರಿ. ನನ್ನ ಯಾವ ಕಳ್ಳ ಒಯ್ತಾನ?"

"ನೀನು ಸ್ಥಿರವಸ್ತು ಅಲ್ಲ, ನಡಕೊಂಡು ಬರ್ತಿ," ಎಂದರು ಮೇಷ್ಟ್ರು. ಇದು ಸಮರ್ಪಕವಾದ ಉತ್ತರವೆಂದು ಅವರಿಗೆ ಆ ಹೊತ್ತಿನಲ್ಲಿ ತೋರಿತು.

ಆ ಕೌದಿಯನ್ನು ಹೊಲಿದವಳು ವಡ್ಡು ಗ್ರಾಮದ ಗಾಳೆಮ್ಮ, ಹಂಪಮ್ಮನ ತಾಯಿ. ತನ್ನ ಸೀರೆಗಳು, ತನ್ನ ಅತ್ತೆಯ ಸೀರೆಗಳು, ಗಂಡನ ರುಮಾಲು ಇವುಗಳನ್ನೆಲ್ಲ ಪದರ ಪದರವಾಗಿ ಹಾಸಿ, ಕಣ್ಣು ಮಂಜಾಗುವವರೆಗೆ ಹೊಲಿದು, ಮಗಳಿಗೆ ಕೊಟ್ಟು, ಮರುವರ್ಷವೇ ತೀರಿಕೊಂಡಿದ್ದಳು. ಈ ಸಂಗತಿಗಳನ್ನು ಹಂಪಮ್ಮ ಗಂಡನಿಗೆ ಅನೇಕ ಬಾರಿ ಹೇಳಿದ್ದಳು. ಮೇಷ್ಟ್ರೂ ಅನೇಕ ಬಾರಿ "ಹೂಂ" ಎಂದಿದ್ದರು.

"ಇದೊಂದಕ್ಕ ಜಾಗ ಮಾಡ್ರಿ. ಎರಡು ಪುಸ್ತಕ ಇಳಿಸಿದ್ರ ಹಿಡಿತತಿ."

"ಪುಸ್ತಕ ಕಳುವಾದ್ರ ಮತ್ತ ಸಿಗಂಗಿಲ್ಲ. ಕೌದಿ ಅಂದ್ರ ಹೊಲದ್ರಾತು."

ಹಂಪಮ್ಮ ಒಳಗೆ ಹೋಗಿ, ಧಾನ್ಯ ತುಂಬಿಡುವ ಎತ್ತರದ ಮಣ್ಣಿನ ವಾಡೆಯ ಬಾಯಿಯ ಮೇಲೆ ಕೌದಿಯನ್ನಿಟ್ಟು, ಬರಿಗೈಯಲ್ಲಿ ಹೊರಗೆ ಬಂದಳು. ಬೀಗ ತಂದುಕೊಡಲು ಹೋದಾಗ ಮೇಷ್ಟ್ರು ಅದನ್ನೂ ಬೇಡವೆಂದರು. ಅವರ ಅಭಿಪ್ರಾಯದಲ್ಲಿ ಬೀಗವೆಂಬುದು, ಒಳಗೆ ಏನೋ ಇದೆಯೆಂದು ಕಳ್ಳನಿಗಾಗಿ ಹೊರಗೆ ತೂಗುಹಾಕಿದ ಜಾಹೀರಾತು. ಬಾಗಿಲನ್ನು ಹಾರು ಹೊಡೆದಿಟ್ಟರೆ ಕಳ್ಳನು ಹೊಸ್ತಿಲಿನಲ್ಲೇ ನಿಂತು ಮರುಗಿ ಮುಂದೆ ಹೋಗುವನು.

ಪಕ್ಕದ ಮನೆಯ ಜಂಬಯ್ಯನಿಗೆ ಅಕ್ಕಿ ಗಿರಣಿ ಇತ್ತು. ಅವನು ತನ್ನ ಬಾಗಿಲಿಗೆ ಮೂರು ಬೀಗ ಜಡಿದು, ಮೂರನ್ನೂ ಜಗ್ಗಿ ನೋಡುತ್ತಿದ್ದಾಗ ಮೇಷ್ಟ್ರು ಅವನಿಗೂ ತಮ್ಮ ತತ್ವವನ್ನು ಉಪದೇಶಿಸಿದರು. ಜಂಬಯ್ಯ ಬಹಳ ಶ್ರದ್ಧೆಯಿಂದ ಕೇಳಿದ.

"ಅಂದ್ರ, ನಿಮ್ಮ ಮನಿ ಕಡಿ ಕಳ್ಳ ತಿರುಗಿ ನೋಡಂಗಿಲ್ಲ ಅಂತೀರಿ?"

"ತಿರುಗಿ ನೋಡಲಾರ."

"ಭಾಳ ಚಲೋ ಮಾತು ಹೇಳಿದ್ರಿ ಮಾಸ್ತರ," ಎಂದ ಜಂಬಯ್ಯ. ತಮ್ಮ ಮಾತನ್ನು ಒಬ್ಬ ವ್ಯಾಪಾರಿ ಇಷ್ಟು ಬೇಗ ಗ್ರಹಿಸಿದ್ದು ಮೇಷ್ಟ್ರಿಗೆ ಸಂತೋಷವನ್ನುಂಟುಮಾಡಿತು.

ಬಯಲಿನ ವಾಸ ಎರಡು ವಾರ ಕುಂದಿಲ್ಲದೆ ನಡೆಯಿತು. ಚಳಿ ಮಾತ್ರ ಇತ್ತು. ಹಂಪಮ್ಮ ಸೆರಗು ಹೊದ್ದು ಮಲಗುತ್ತಿದ್ದಳು, ಮೇಷ್ಟ್ರು ಕೋಟು ತೊಟ್ಟು ಮಲಗುತ್ತಿದ್ದರು. ಕೌದಿಯ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ಊರಿನ ಕಡೆಯಿಂದ ಜಂಬಯ್ಯ ರುಮಾಲು ಬಿಚ್ಚಿಹೋದುದನ್ನೂ ಲೆಕ್ಕಿಸದೆ ಓಡಿಬಂದ.

"ಮಾಸ್ತರ! ನಿಮ್ಮ ಮನಿ ಕಳುವಾತು! ನಾ ಹಾಳಾಗಿಹೋದೆ!"

ಮೇಷ್ಟ್ರು ಸಮಾಧಾನದಿಂದ, "ನಮ್ಮ ಮನಿ ಕಳುವಾದ್ರ ನೀವು ಯಾಕ ಹಾಳಾಗಬೇಕು? ಕುಂದ್ರಿ," ಎಂದರು.

"ಕುಂದ್ರೂದೇನು ಬಂತ್ರೀ! ನನ್ನ ಬೆಳ್ಳಿ ಸಾಮಾನೆಲ್ಲಾ ನಿಮ್ಮ ವಾಡೇದಾಗ ಇತ್ತು!"

"ನಮ್ಮ ವಾಡೇದಾಗ?"

"ನೀವ ಹೇಳಿದ್ರಲ್ಲ, ನಿಮ್ಮ ಮನ್ಯಾಗ ಕದಿಯುವಂಥಾದ್ದು ಏನೂ ಇಲ್ಲ ಅಂತ! ಅದನ್ನ ನಂಬಿ ಇಟ್ಟೆ. ಓದಿದವ್ರ ಮಾತು ನಂಬಬಾರದಿತ್ತು."

ಮೇಷ್ಟ್ರು ಇದಕ್ಕೆ ಉತ್ತರವಾಗಿ ಏನನ್ನೋ ಸ್ಥಾಪಿಸಲು ಹೊರಟರು. ಅಷ್ಟರಲ್ಲಿ ಒಲೆಯ ಮುಂದಿದ್ದ ಹಂಪಮ್ಮ ಎದ್ದು ಬಂದಳು. "ವಾಡೇದ ಮ್ಯಾಲೆ ಕೌದಿ ಇತ್ತಲ್ರೀ. ಐತೋ ಇಲ್ಲೋ?"

"ಅದರಾಗ ಗಂಟು ಕಟಗೊಂಡು ಹೋಗ್ಯಾರ ತಂಗಿ. ಅಷ್ಟು ಭಾರಾ ತಡಿಯೂ ಅರಿವಿ ಬ್ಯಾರೆ ಯಾವದೈತಿ?"

ಹೀಗೆ ಉಜ್ಜಿನಪ್ಪನವರ ಮನೆಯಿಂದ ಕಳುವಾದ ಅವರ ಸ್ವಂತ ಆಸ್ತಿ ಒಂದೇ ಒಂದಾಯಿತು. ಹಂಪಮ್ಮ ಗಂಡನ ಮುಖವನ್ನು ನೋಡಲಿಲ್ಲ. ಬಂಡಿಯಲ್ಲಿ ಬಂದಿದ್ದ ಪುಸ್ತಕಗಳನ್ನು ನೋಡಿದಳು.

ಫೆಬ್ರವರಿ ಮೊದಲ ವಾರದಲ್ಲಿ ಕಂಪ್ಲಿಯಿಂದ ಸುದ್ದಿ ಬಂದಿತು. ಹೊಳೆ ದಾಟಿ ನಿಜಾಮರ ಸೀಮೆಗೆ ಸೇರಿಕೊಳ್ಳುವ ಹವಣಿಕೆಯಿಂದ ಹರಿಗೋಲು ಏರುತ್ತಿದ್ದ ಇಬ್ಬರನ್ನು ಪೋಲೀಸರು ಹಿಡಿದಿದ್ದರು. ಅವರ ಬಳಿ ನಾಲ್ಕಾರು ಊರುಗಳ ಕಳವಿನ ಮಾಲು ಗಂಟುಗಂಟಾಗಿ ಸಿಕ್ಕಿತ್ತು. ಜಂಬಯ್ಯ ಆ ದಿನವೇ ಕುದುರೆಯೇರಿ ಹೋಗಿ, ತನ್ನ ಹೆಸರು ಕೊರೆಸಿದ್ದ ಬೆಳ್ಳಿಯನ್ನು ಬಿಡಿಸಿಕೊಂಡು ಬಂದ. ಕೌದಿಯನ್ನು ಅದರ ಒಡೆಯರೇ ಗುರುತಿಸಿ ಒಯ್ಯಬೇಕಂತೆ ಎಂದು ಹೇಳಿದ.

ಗೃಹಸ್ಥರ ಮನೆಯ ಹೆಂಗಸು ಠಾಣೆಯ ಮೆಟ್ಟಿಲು ಹತ್ತುವುದು ಉಚಿತವಲ್ಲವೆಂದು ಮೇಷ್ಟ್ರೇ ಹೊರಟರು. ಹಂಪಮ್ಮ ಜಟಕಾದವರೆಗೆ ಬಂದಳು.

"ಸರಿಯಾಗಿ ಕೇಳ್ರಿ. ಕೌದಿ ಹಸಿದಿರಬಾರದು ಅಂತ ಹೊಲಿಯೂದು ಮುಗಿಸಾಗ ಒಂದು ಮೂಲ್ಯಾಗ ಹೋಳಿಗಿ ತುಣಕು ಇಟ್ಟು ಹೊಲಿತಾರ. ನಮ್ಮವ್ವ ಹಸರ ಪಟ್ಟಿ ಇರೂ ಮೂಲ್ಯಾಗ ಇಟ್ಟಾಳ. ಬಾಜೂಕ ನಮ್ಮಪ್ಪನ ರುಮಾಲಿಂದು ಕೆಂಪು ತುಂಡು. ಹೊಲಿಗಿ ಸಣ್ಣದು, ಇರಿವಿ ಸಾಲು ಹೊಂಟಂಗ. ತಿಳೀತೇನ್ರಿ?"

"ಹೂಂ," ಎಂದರು ಮೇಷ್ಟ್ರು. ಹೋಗಿಬರಲು ಎರಡು ರೂಪಾಯಿ ಕೇಳುತ್ತಿದ್ದ ಜಟಕಾದವನನ್ನು ಒಂದೂಮುಕ್ಕಾಲಿಗೆ ಇಳಿಸುವ ಪ್ರಯತ್ನದಲ್ಲಿ ಅವರು ಆಗ ಮಗ್ನರಾಗಿದ್ದರು.

ಕಂಪ್ಲಿಯ ಠಾಣೆಯಲ್ಲಿ ಹೆಡ್ ಕಾನ್ಸ್ಟೇಬಲ್ ಅಂಜಿನಯ್ಯ ಮೇಷ್ಟ್ರಿಗೆ ಕುರ್ಚಿ ಕೊಟ್ಟು, ಮೂರು ಕೌದಿಗಳನ್ನು ತಂದು ಮುಂದೆ ಹರಡಿದ.

"ನಿಮ್ದು ಯಾವದ್ರಿ?"

ಮೇಷ್ಟ್ರು ನೋಡಿದರು. ಹನ್ನೊಂದು ವರ್ಷ ಅವರು ಆ ಕೌದಿಯ ಕೆಳಗೆ ಮಲಗಿದ್ದರು. ಕೃಷ್ಣದೇವರಾಯನ ದಂಡಯಾತ್ರೆಗಳನ್ನು ಕ್ರಮವಾಗಿ ಹೇಳಬಲ್ಲವರಾಗಿದ್ದರು. ಆದರೆ ಈ ಮೂರರಲ್ಲಿ ತಮ್ಮ ಕೌದಿ ಯಾವುದೆಂದು ಹೇಳಲು ಅವರಿಗೆ ಸಾಧ್ಯವಾಗಲಿಲ್ಲ. ಮೂರರಲ್ಲೂ ಕೆಂಪು ಇತ್ತು, ಮೂರರಲ್ಲೂ ಹಸಿರು ಇತ್ತು.

"ಮೂಲೆಯಲ್ಲಿ ಹೋಳಿಗೆ ಇರಬೇಕು," ಎಂದು ಅವರು ಸ್ವಲ್ಪ ಗಾಂಭೀರ್ಯದಿಂದ ಹೇಳಿ, ತಡವಿ ನೋಡಿದರು. ಮೂರರಲ್ಲೂ ಒಂದೊಂದು ಮೂಲೆ ಗಟ್ಟಿಯಾಗಿತ್ತು. ಯಾವ ತಾಯಿಯೂ ತನ್ನ ಕೌದಿಯನ್ನು ಉಪವಾಸ ಕೆಡವಿರಲಿಲ್ಲ.

"ಇನ್ನೇನರ ಗುರ್ತು ಹೇಳ್ಯಾರೇನ್ರಿ ಮನ್ಯಾಗ?"

ಹೇಳಿದ್ದಾಳೆ, ನಾನು ಕೇಳಲಿಲ್ಲ ಎಂದು ಒಪ್ಪಿಕೊಳ್ಳುವುದು ಒಂದು ದಾರಿಯಾಗಿತ್ತು. ಅಷ್ಟು ಹೊತ್ತಿಗೆ ಅಂಜಿನಯ್ಯ "ಓದಿದವ್ರು, ಗುರ್ತು ಹಿಡೀದೆ ಇರ್ತೀರೇನು," ಎಂದುಬಿಟ್ಟ. ಮೇಷ್ಟ್ರು ಕನ್ನಡಕವನ್ನು ಸರಿಪಡಿಸಿಕೊಂಡು, ಉತ್ತರ ಪತ್ರಿಕೆಗಳನ್ನು ಪರೀಕ್ಷಿಸುವಂತೆ ಮೂರನ್ನೂ ಪರೀಕ್ಷಿಸಿ, ಎಲ್ಲಕ್ಕಿಂತ ಚೊಕ್ಕಟವಾಗಿದ್ದ ಕೌದಿಗೆ ಪ್ರಥಮ ಸ್ಥಾನ ಕೊಟ್ಟು, ರುಜು ಮಾಡಿ, ಎತ್ತಿಕೊಂಡು ಬಂದರು.

ಹಂಪಮ್ಮ ಅದನ್ನು ಬಿಚ್ಚಲೇ ಇಲ್ಲ. ಮಡಿಕೆಯ ಮೇಲೆ ಒಮ್ಮೆ ಕೈಯಾಡಿಸಿದಳು.

"ಇದು ನಮ್ದಲ್ಲ."

"ಬೆಳಕಿನಾಗ ನೋಡು."

"ಕತ್ತಲದಾಗ ನೋಡಿದ್ರೂ ನಮ್ದಲ್ಲ. ಯಾರ್ದೋ ಮನೀದು ಎತಗೊಂಡು ಬಂದೀರಿ. ಈಗಿಂದೀಗ ತಿರುಗಿ ಹೋಗ್ರಿ."

"ಇದು ನಮ್ಮದಕ್ಕಿಂತ ಚಲೋ ಐತಿ ಅಲ್ಲೇನು?"

ಈ ವಾಕ್ಯವನ್ನು ಆಡಬಾರದಾಗಿತ್ತೆಂದು ಮೇಷ್ಟ್ರಿಗೆ ಅದು ಬಾಯಿಂದ ಹೊರಬೀಳುತ್ತಿರುವಾಗಲೇ ತಿಳಿಯಿತು. ಆದರೂ ರುಜು ಮಾಡಿ ತಂದುದನ್ನು ಮರುದಿನವೇ ಹಿಂದಕ್ಕೊಯ್ದು, 'ನನಗೆ ನನ್ನ ಹೊದಿಕೆ ಗೊತ್ತಿಲ್ಲ' ಎಂದು ಅಂಜಿನಯ್ಯನ ಮುಂದೆ ಹೇಳುವುದು ಅವರಿಂದಾಗಲಿಲ್ಲ. ಪರೀಕ್ಷೆಗಳು ಹತ್ತಿರವಿವೆ, ಬರುವ ಶನಿವಾರ ಹೋದರಾಯಿತು ಎಂದರು. ಶನಿವಾರ ಶೀತವಾಗಿದೆ ಎಂದರು. ಹಂಪಮ್ಮ ಆ ಕೌದಿಯನ್ನು ಬಿಸಿಲಿಗೆ ಹಾಕಿ, ಮಡಚಿ, ಪೆಟ್ಟಿಗೆಯ ಮೇಲಿಟ್ಟಳು. ಇಬ್ಬರೂ ಅದನ್ನು ಹೊದೆಯಲಿಲ್ಲ.

ಅದರ ಮರುದಿನ ಭಾನುವಾರ, ಬಯಲಿನ ಜನರೆಲ್ಲ ಎಳೆಬಿಸಿಲಿಗೆ ಮೈಯೊಡ್ಡಿ ಕುಳಿತಿದ್ದ ಹೊತ್ತಿನಲ್ಲಿ, ಅಂಜಿನಯ್ಯ ಸಮವಸ್ತ್ರ ಸಮೇತನಾಗಿ ಒಬ್ಬ ಮುದುಕಿಯನ್ನು ಕರೆದುಕೊಂಡು ಬಂದು ಮೇಷ್ಟ್ರ ಗುಡಿಸಲಿನ ಮುಂದೆ ನಿಂತ. ಮುದುಕಿ ಮೆಟ್ರಿ ಗ್ರಾಮದ ಸುಂಕಮ್ಮ.

"ತಪ್ಪು ತಿಳಕೋಬ್ಯಾಡ್ರಿ ಮಾಸ್ತರ. ಈ ಮುದುಕಿ ಕೌದಿ ನೀವು ಒಯ್ದೀರಂತ ಫಿರ್ಯಾದು ಐತಿ."

ಬಯಲಿಗೆ ಬಯಲೇ ಎದ್ದು ನಿಂತಿತು. ಜಂಬಯ್ಯ ಮುಂದಿನ ಸಾಲಿಗೆ ಬಂದ. "ಅಲ್ಲಾ, ಕಳುವಾದದ್ದೂ ಇವ್ರ ಮನ್ಯಾಗ, ಕಳವಿನ ಮಾಲು ಸಿಕ್ಕದ್ದೂ ಇವ್ರ ಮನ್ಯಾಗ?" ಎಂದು ಅವನು ಯಾರನ್ನೂ ಉದ್ದೇಶಿಸದೆ ಕೇಳಿದ.

ಹಂಪಮ್ಮ ಕೌದಿಯನ್ನು ಎರಡೂ ಕೈಗಳಲ್ಲಿ ತಂದು ಮುದುಕಿಯ ಮಡಿಲಿಗಿಟ್ಟಳು. ಸುಂಕಮ್ಮ ಅದರ ಮೂಲೆಯನ್ನು ಹಿಡಿದು, ಕೆನ್ನೆಗೊತ್ತಿಕೊಂಡು, "ನನ್ನ ಮಗಳ ಬಾಣಂತನಕ ಹೊಲದಿದ್ದೆ ತಾಯಿ," ಎಂದಳು. ಆಮೇಲೆ ಮೇಷ್ಟ್ರತ್ತ ತಿರುಗಿ, "ಹೋಗಲಿ ಬಿಡಪ್ಪ. ಗಂಡಸರಿಗೆ ಹೊದಿಯಾಕ ಗೊತ್ತಿರ್ತತಿ ಅಷ್ಟ," ಎಂದಳು.

ಹಂಪಮ್ಮ ಮೆಲ್ಲಗೆ ಕೇಳಿದಳು: "ಅಮ್ಮಾ, ಅಲ್ಲಿ ಇನ್ನೊಂದು ಇತ್ತಾ? ಹಸರ ಮೂಲಿ, ಬಾಜೂಕ ಕೆಂಪು ರುಮಾಲಿನ ತುಂಡು?"

"ಇತ್ತವ್ವ. ನಾ ಮೊದ್ಲು ಹೋದಾಗ ಇತ್ತು. ಏನ್ ಹೊಲಿಗಿ ಅಂತಿ, ಇರಿವಿ ಸಾಲು! ಯಾವ ತಾಯಿ ಕೈಯೋ ಅಂತ ನಾನ ಮಡಚಿ ಇಟ್ಟು ಬಂದೆ."

ಅಂಜಿನಯ್ಯ ಟೋಪಿಯನ್ನು ತೆಗೆದು ಕೈಯಲ್ಲಿ ಹಿಡಿದ. "ಮೊನ್ನಿ ಗುರುವಾರದ ತನಕ ಇತ್ರಿ. ಪ್ಲೇಗಿನ ಊರಿನ ಬಟ್ಟಿ, ಕೇಳಾವ್ರು ಯಾರೂ ಬರಲಿಲ್ಲ ಅಂದ್ರ ಸುಡಬೇಕು ಅಂತ ಕಾಯ್ದೆ. ಸುಟ್ಟಿವ್ರಿ."

ಗುರುವಾರ ಮೇಷ್ಟ್ರಿಗೆ ಶೀತವೂ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ.

ಹಂಪಮ್ಮ ಸುಂಕಮ್ಮನನ್ನು ಒಳಗೆ ಕರೆದು ರೊಟ್ಟಿ ಬಡಿಸಿದಳು. ಮೇಷ್ಟ್ರು ಯಾವ ತತ್ವವನ್ನೂ ಸ್ಥಾಪಿಸದೆ ಹೋಗಿ, ಮುದುಕಿಗೆ ಬಂಡಿ ಗೊತ್ತುಮಾಡಿ ಬಂದರು. ಮರುದಿನ ಅವರು ಪೇಟೆಗೆ ಹೊರಟಾಗ ಹಂಪಮ್ಮ ಒಂದೇ ಮಾತಾಡಿದಳು.

"ದೊಡ್ಡ ಸೂಜಿ ತರ್ರಿ. ದಾರ ಬಿಳೀದು. ಗಟ್ಟಿದು ಐತೋ ಇಲ್ಲೋ, ಎಳದು ನೋಡಿ ತರ್ರಿ."

ಮೇಷ್ಟ್ರು ಈ ಸಲ "ಹೂಂ" ಎನ್ನಲಿಲ್ಲ. ಅವಳು ಹೇಳಿದುದನ್ನು ಇನ್ನೊಮ್ಮೆ ಹೇಳಿಸಿಕೊಂಡು ಹೋದರು.

ಈ ಬಾಬಿನಲ್ಲಿ ಒಟ್ಟು ಖರ್ಚಾದದ್ದು: ಕಂಪ್ಲಿಗೆ ಹೋಗಿಬರಲು ಜಟಕಾ, ಎರಡು ರೂಪಾಯಿ. ದಾರಿಯಲ್ಲಿ ಚುರುಮುರಿ, ಒಂದಾಣೆ. ಅಂಜಿನಯ್ಯನಿಗೆ ಎಲೆಯಡಿಕೆ, ಎರಡಾಣೆ. ಸುಂಕಮ್ಮನನ್ನು ಮೆಟ್ರಿಗೆ ಮುಟ್ಟಿಸಲು ಬಂಡಿ, ಒಂದು ರೂಪಾಯಿ. ಹೊಸ ಕೌದಿ ಆಗುವವರೆಗೆ ಹೊದೆಯಲು ಕಂಬಳಿ, ಎರಡೂವರೆ ರೂಪಾಯಿ. ಸೂಜಿ ಮತ್ತು ದಾರ, ಮೂರಾಣೆ. ಮೊತ್ತ ಐದು ರೂಪಾಯಿ ಹದಿನಾಲ್ಕಾಣೆ.