ಇಸ್ತ್ರಿ ಕೆಡದ ಬಡತನ

ನನ್ನ ಸೋದರಮಾವನಿಗೆ ಬಡವನಾಗುವ ಯೋಗ್ಯತೆಯೇ ಇಲ್ಲ! ಹೀಗೆಂದು ತೀರ್ಮಾನಿಸಿದ್ದು ನಾನಲ್ಲ, ಸರ್ಕಾರ.

ಹಲಸೂರಿನ ಹೊಂಗೆಮರದ ಕೆಳಗೆ ಮಾವನ ಇಸ್ತ್ರಿಗಾಡಿ. ಜಗತ್ತಿನಲ್ಲಿರುವುದು ಎರಡೇ ಜಾತಿ ಎಂಬುದು ಅವನ ಸಿದ್ಧಾಂತ: ಸುಕ್ಕುಳ್ಳವರು, ಸುಕ್ಕಿಲ್ಲದವರು. ಮದುವೆಮನೆಯಲ್ಲಿ ಅಕ್ಷತೆ ಹಾಕುವಾಗಲೂ ಅವನು ವರನ ಮುಖ ನೋಡುವುದಿಲ್ಲ. ಪಂಚೆಯ ಮಡಿಕೆ ನೋಡುತ್ತಾನೆ.

ಕೊರೊನಾ ಬಂದು ಕಚೇರಿಗಳೆಲ್ಲ ಮಲಗುವ ಕೋಣೆಗೆ ವರ್ಗವಾದವು. ಲಾಕ್‌ಡೌನ್ ಸಡಿಲವಾದಾಗ ಗಾಡಿಗೆ ಬಂದದ್ದು ಬರೀ ಅಂಗಿಗಳು. ಮಾವ ಕಂಗಾಲು.

“ಅಲ್ಲಮ್ಮಾ, ಪ್ಯಾಂಟೆಲ್ಲಾ ಎಲ್ಲೋದ್ವು?”

“ವಿಡಿಯೊ ಕಾಲ್ ಮಾವ. ಸೊಂಟದ ಮೇಲಷ್ಟೇ ಕಾಣೋದು.”

“ಹಂಗಾದ್ರೆ ಇಡೀ ಇಂದಿರಾನಗರ ಚಡ್ಡೀಲಿ ಕೂತಿದೆ ಅನ್ನು!”

ಅಂದಿನಿಂದ ಆ ಕಡೆ ಹೋದಾಗ ಬಾಲ್ಕನಿಗಳತ್ತ ಅವನು ತಲೆಯೆತ್ತಲೇ ಇಲ್ಲ.

ಕ್ರಮೇಣ ಅಂಗಿಗಳೂ ನಿಂತವು. ಗಾಡಿಯ ಚಕ್ರ ಮುರಿಯಿತು, ಇದ್ದಿಲು ಮುಗಿಯುತ್ತ ಬಂತು. ಸುಮ್ಮನೆ ನಿಂತ ಗಾಡಿಯನ್ನು ಎತ್ತಿಸುತ್ತೇವೆಂದು ಪಾಲಿಕೆಯವರು ಎಚ್ಚರಿಸಿ ಹೋದರು. ಮಹದೇವಪುರದ ಅಪಾರ್ಟ್‌ಮೆಂಟೊಂದರಲ್ಲಿ ಜಾಗ ಕೊಡಿಸುತ್ತೇನೆಂದೆ. “ಈ ಮರ ಬಿಟ್ಟು ಬರಲ್ಲ” ಎಂದ. ಎಂಥ ಹಟ! ಉಳಿದದ್ದು ಬೀದಿ ವ್ಯಾಪಾರಿಗಳಿಗೆಂದು ಸರ್ಕಾರ ಘೋಷಿಸಿದ್ದ ಪರಿಹಾರ ಸಾಲವೊಂದೇ.

ಅರ್ಜಿಗೆ ಗಾಡಿಯ ಮುಂದೆ ನಿಂತ ಫೋಟೊ ಬೇಕಿತ್ತು. ಮಾವ ತನ್ನ ಮದುವೆಯ ಬಿಳಿ ಅಂಗಿಗೆ ಗಂಜಿ ಹಾಕಿ, ಕತ್ತಿಯಲುಗಿನಂಥ ಗೀರಿನ ಪ್ಯಾಂಟು ತೊಟ್ಟು ನಿಂತ. ಅರ್ಜಿ ತೆಗೆದುಕೊಳ್ಳುವ ಪಾಲಿಕೆಯ ಗುಮಾಸ್ತ ಆ ಫೋಟೊ ನೋಡಿ ಕಣ್ಣು ಕಿರಿದಾಗಿಸಿದ.

“ಓನರ್ ಫೋಟೊ ಬೇಡಮ್ಮಾ, ಇಸ್ತ್ರಿ ಮಾಡೋರ್ದು ತನ್ನಿ.”

ಇದು ಶುದ್ಧ ಅನ್ಯಾಯ. ದುಡಿಯುವವನ ಕಷ್ಟವನ್ನು ಅವನ ಅಂಗಿಯ ಕೊಳೆಯಿಂದ ಅಳೆಯುವುದು ಅವಮಾನ. ದುಡಿಮೆಗೆ ಬೀಗ ಹಾಕಿಸಿದ ಸರ್ಕಾರ ಕೊಡಬೇಕಾದದ್ದು ಪರಿಹಾರವೇ ಹೊರತು ಸಾಲವಲ್ಲ. ಇಷ್ಟನ್ನೂ ಆ ಗುಮಾಸ್ತನಿಗೆ ಸವಿಸ್ತಾರವಾಗಿ ವಿವರಿಸಿದೆ. ಆತ ಆಕಳಿಸಿದ. ಕೊನೆಗೆ ಮಾವನನ್ನೇ ಬೇಡಿಕೊಂಡೆ: “ಒಂದೇ ಒಂದ್ಸಲ ಸುಕ್ಕಿರೋ ಅಂಗಿ ಹಾಕ್ಕೋ.”

“ಹಲ್ಲಿನ ಡಾಕ್ಟ್ರಿಗೇ ಹಲ್ಲಿಲ್ಲ ಅಂದ್ರೆ ನೀನ್ ಬಾಯಿ ತೆಗೀತೀಯಾ?”

ನಾನು ಬಾಯಿ ಮುಚ್ಚಿದೆ. ಅದೇ ಫೋಟೊ ಮತ್ತೆ ಸಲ್ಲಿಸಿದೆವು. ಅನುಮಾನ ಬಗೆಹರಿಸಲು ಬ್ಯಾಂಕಿನ ಅಧಿಕಾರಿಯೇ ಬಂದರು.

“ವ್ಯಾಪಾರ ಮಾಡ್ತೀರಾ ಅನ್ನೋಕೆ ಪ್ರೂಫ್ ಏನ್ರೀ?”

ಮಾವನ ದೃಷ್ಟಿ ಅವರ ಅಂಗಿಯಲ್ಲಿ ನೆಟ್ಟಿತ್ತು. ಅದೋ, ಹಸು ಅಗಿದು ಉಗಿದಂತಿತ್ತು!

“ಬಿಚ್ಚಿ ಸಾರ್.”

“ಏನ್ರೀ?!”

“ಅಂಗಿ ಸಾರ್. ನೋಡಕ್ಕಾಗ್ತಿಲ್ಲ.”

ಚೀಲದ ಕೊನೆಯ ಇದ್ದಿಲು ಕೆಂಪಾಯಿತು. ಬರೀ ಬನಿಯನ್, ಮಾಸ್ಕಿನಲ್ಲಿ ಬ್ಯಾಂಕು ಮರದ ಹಿಂದೆ ಅಡಗಿ ನಿಂತಿತು. ಎದುರುಮನೆಯ ತಮಿಳು ಅಕ್ಕ ಕಿಟಕಿಯಿಂದಲೇ ಕೂಗಿದರು: “ಎನ್ನಾ ಸಾರ್, ಬ್ಯಾಂಕಲ್ಲಿ ಸಂಬಳ ಕೊಡ್ಲಿಲ್ವಾ?” ಗರಿಗರಿ ಅಂಗಿ ತೊಟ್ಟ ಅಧಿಕಾರಿ ಎದೆಯುಬ್ಬಿಸಿ ಸಹಿ ಹಾಕಿದರು. ಇದಕ್ಕಿಂತ ಬೇರೆ ಪ್ರೂಫ್ ಬೇಕೆ?

ಸಾಲ ಬಂತು, ಚಕ್ರ ಎದ್ದಿತು. ಹೊಸ ಇದ್ದಿಲಿನ ಮೊದಲ ಇಸ್ತ್ರಿ ನನ್ನ ಸೀರೆಗೇ ಎಂದು ಕಾದು ನಿಂತೆ. ಮಾವ ಗಾಡಿಯ ಕೆಳಗಿನ ಹಲಗೆಯಿಂದ ಬಿಳಿ ಕೋಟೊಂದನ್ನು ತೆಗೆದ. ಪಕ್ಕದ ಬೀದಿಯ ಬ್ಯಾಂಡ್ ಮಾಸ್ತರರದು. ಲಾಕ್‌ಡೌನಿಗೆ ಮುಂಚೆ ಕೊಟ್ಟಿದ್ದರು. ಆಮೇಲೆ ಆಸ್ಪತ್ರೆಗೆ ಹೋದವರು ಮರಳಲಿಲ್ಲ. ಮಗಳು ಮನೆ ಖಾಲಿ ಮಾಡಿ ಹೋಗಿದ್ದಳು.

“ಇದಕ್ಕೆ ಇನ್ಯಾರು ಬರ್ತಾರೆ ಮಾವ?”

“ಆ ಮಗು ಬರ್ತಾಳೆ. ಅಪ್ಪನ ಕೋಟು ಈ ಮರದ ಕೆಳಗಿದೆ ಅಂತ ಮಾತ್ರ ಅವಳಿಗೆ ಗೊತ್ತು. ಗಾಡಿ ಇಲ್ಲಿಲ್ಲ ಅಂದ್ರೆ ಎಲ್ಲಿ ಹುಡುಕ್ತಾಳೆ?”

ಮಾವ ಕೋಟಿನ ತೋಳಿಗೆ ನೀರು ಚಿಮುಕಿಸಿ, ಒಳಗೆ ಕೈಯಿದೆಯೇನೋ ಎಂಬಂತೆ, ಇಸ್ತ್ರಿಪೆಟ್ಟಿಗೆಯನ್ನು ಮೆಲ್ಲಗೆ ಸರಿಸಿದ.