ಇನ್ನೊಂದು ಚೂರು ತಿಕ್ಕು

ಕಲ್ಲು ಮಾಯವಾದದ್ದು ಎಲ್ಲರ ಮಾತು ಕೇಳಿದ್ದಕ್ಕೆ.

ನಮ್ಮ ಸಂಶೋಧಕನ ರೂಪಾಂತರ ಶಿಲೆಯನ್ನು ನೋಡಲು ಸಂಜೆ ಪರೀಕ್ಷಕರು ಬರುವವರಿದ್ದರು. ಅವರು ಒಪ್ಪಿದರೆ ಡಾಕ್ಟರೇಟು, ಇಲ್ಲದಿದ್ದರೆ ಇಷ್ಟು ವರ್ಷ ಬೆಟ್ಟ ಹತ್ತಿ ಇಳಿದದ್ದೆಲ್ಲ ಮಣ್ಣುಪಾಲು. ಕಲ್ಲಿನ ಬಿಲ್ಲೆಯನ್ನು ಗಾಜಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ತಿಕ್ಕಿದರೆ ಮಾತ್ರ ಖನಿಜಗಳು ಸೂಕ್ಷ್ಮದರ್ಶಕದಲ್ಲಿ ತಮ್ಮ ಬಣ್ಣ ತೋರಿಸುತ್ತವೆ. ಬೆಳಗ್ಗಿನಿಂದ ಅದೇ ಕೆಲಸ. ಉಳಿದ ಕಲ್ಲನ್ನೆಲ್ಲ ರಾಸಾಯನಿಕ ಪರೀಕ್ಷೆಗೆಂದು ಪುಡಿ ಮಾಡಿಯಾಗಿತ್ತು. ಇದ್ದದ್ದು ಈ ಬಿಲ್ಲೆ ಒಂದೇ.

ಪಕ್ಕದ ಮೇಜಿನ ಸೀನಿಯರ್ ಬಗ್ಗಿ ನೋಡಿದ. “ದಪ್ಪ ಇದೆ ಕಣೋ. ಇನ್ನೊಂದು ಚೂರು ತಿಕ್ಕು.”

ತಿಕ್ಕಿದ. ಗೈಡ್ ಮೇಡಂ ಬಂದರು. “ಚೆನ್ನಾಗಿದೆ. ಆದ್ರೂ ಇನ್ನೊಂದು ಚೂರು.”

ತಿಕ್ಕಿದ. ಟೀ ಇಟ್ಟು ಹೋಗಬೇಕಿದ್ದ ಅಟೆಂಡರ್ ಕೂಡ ಸುಮ್ಮನಿರಲಾರದೆ ಕಣ್ಣಿಟ್ಟ. “ಅಂಚು ಒಂಚೂರು ಮಬ್ಬು ಸಾರ್.”

ಮತ್ತೆ ತಿಕ್ಕಿ ಎತ್ತಿ ನೋಡಿದರೆ ಗಾಜು ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಅದರ ಮೇಲೆ ಕಲ್ಲೇ ಇರಲಿಲ್ಲ.

ಸೀನಿಯರ್ ಬಾಗಿಲ ಕಡೆ ನೋಡಿದ. ಅದು ತಾನಾಗಿ ಮುಚ್ಚಿಕೊಳ್ಳದಂತೆ ಯಾವ ಕಾಲದಿಂದಲೋ ಒಂದು ಕಪ್ಪು ಕಲ್ಲನ್ನು ಅಡ್ಡ ಇಟ್ಟಿದ್ದರು. ಒರೆಸಿದರೆ ಅಭ್ರಕ ಮಿನುಗಿತು, ನಡುನಡುವೆ ಕೆಂಪು ಗಾರ್ನೆಟ್ ಹರಳುಗಳು.

“ನಿನ್ನ ಕಲ್ಲಿಗೆ ಅಣ್ಣನ ಹಾಗಿದೆ. ಕೊಯ್ಯಿ.”

“ಅದು ಮೋಸ ಅಲ್ವಾ?”

“ಹಾಗಾದ್ರೆ ಆ ಖಾಲಿ ಗಾಜನ್ನೇ ತೋರ್ಸು.”

ಊಟ ಬಿಟ್ಟು ಕೊಯ್ದ, ತಿಕ್ಕಿದ. ಈ ಸಲ ಯಾರು ಏನಂದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಉಳಿದ ತುಂಡನ್ನು ಮೇಜಿನಡಿ ತಳ್ಳುವಷ್ಟರಲ್ಲಿ ಪರೀಕ್ಷಕರು ಬಂದೇಬಿಟ್ಟರು. ಬಾಗಿಲು ಮುಚ್ಚಿಕೊಳ್ಳದಂತೆ ಅಟೆಂಡರ್ ಅದಕ್ಕೆ ಬೆನ್ನು ಕೊಟ್ಟು ನಿಂತ.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಪರೀಕ್ಷಕರು ತಲೆ ಎತ್ತಲೇ ಇಲ್ಲ.

“ಎಲ್ಲಿ ಸಿಕ್ತು ಇದು?”

“ಬೆಟ್ಟದ ತುದೀಲಿ ಸರ್. ನಾನೇ ಒಡೆದು, ಹೆಗಲ ಮೇಲೆ ಹೊತ್ತು ತಂದೆ.”

“ಈ ಗಾರ್ನೆಟ್ ಬೆಳೀತಾ ಬೆಳೀತಾ ಉರುಳಿದೆ. ಒಳಗೆ ಬಸವನಹುಳದ ಚಿಪ್ಪಿನ ಥರ ಸುರುಳಿ. ಇಂಥದ್ದನ್ನ ಒಂದೇ ಸಲ ನೋಡಿದ್ದೆ.” ಅವರು ತಲೆ ಎತ್ತಿದರು. ಅವನಿಗೆ ಡಾಕ್ಟರೇಟು ಕೈಗೆ ಬಂದಷ್ಟೇ ಖುಷಿಯಾಯಿತು. “ಇದೇ ಲ್ಯಾಬಲ್ಲಿ, ನಾನು ಓದೋವಾಗ. ನನ್ನ ಕಲ್ಲು ಅದು. ಪರೀಕ್ಷೆ ಹಿಂದಿನ ದಿನ ಕಾಣೆಯಾಯ್ತು.”

“ಬಿಳೀ ಬಣ್ಣದಲ್ಲಿ ನಂಬರ್ ಬರೆದಿತ್ತಾ ಸಾರ್?” ಅಟೆಂಡರ್ ಬಾಗಿಲು ಬಿಟ್ಟು ಓಡಿ ಬಂದು, ಮೇಜಿನಡಿಯಿಂದ ಕಲ್ಲನ್ನು ಎಳೆದು ಮಗುಚಿದ. “ಇದೇ ನೋಡಿ. ನಮ್ಮ ಬಾಗಿಲ ಕಲ್ಲು.”

ಪರೀಕ್ಷಕರು ಕಲ್ಲನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡರು.

“ಅವತ್ತು ನಮ್ಮ ಗೈಡ್ ನಂಗೆ ಹೇಳಿದ್ದನ್ನೇ ಹೇಳ್ತೀನಿ. ಹೊಸ ಕಲ್ಲು ತಗೊಂಡು ಬನ್ನಿ. ಮೊದಲಿಂದ ಶುರು ಮಾಡಿ.”

ಅವರು ಹೊರಟರು. ಬಾಗಿಲು ಅವರ ಹಿಂದೆಯೇ ಧಡಾರನೆ ಮುಚ್ಚಿಕೊಂಡಿತು.

“ಬೆಟ್ಟಕ್ಕೆ ಹೋದಾಗ ಎರಡು ತಗೊಂಡು ಬನ್ನಿ ಸಾರ್,” ಎಂದ ಅಟೆಂಡರ್, “ಬಾಗಿಲಿಗೂ ಒಂದು ಬೇಕಾಗತ್ತೆ.”